ಬಿ ಗ್ರೇಡಿನ ಬೀಗರು

ಅಪ್ಪಾಸಾಹೇಬ ಕಲಶೆಟ್ಟಿಯವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಇದ್ದರೂ ಅದು ಅವರ ಗಮನಕ್ಕೆ ಬಂದಿರಲಿಲ್ಲ. ಪುಣೆಯ ಕೊಂಢವಾದಲ್ಲಿ ಅವರದು ಸ್ಟೀಲ್ ಪಾತ್ರೆಗಳ ಅಂಗಡಿ. ಕುಕ್ಕರ್ ಕೊಳ್ಳಲು ಬಂದ ಗಿರಾಕಿಗೆ ಕುಕ್ಕರಿನ ಜೊತೆಗೆ ಮೊಣಕಾಲು ನೋವಿನ ಔಷಧ, ಮಗನನ್ನು ಯಾವ ಕಾಲೇಜಿಗೆ ಹಾಕಬೇಕು, ಮೆಟ್ರೋ ಎಲ್ಲಿ ಹೊರಳಬೇಕಿತ್ತು ಎಂಬುದೆಲ್ಲ ಪುಕ್ಕಟೆಯಾಗಿ ಸಿಗುತ್ತಿತ್ತು. "ನನಗ ಗೊತ್ತದ" ಎಂಬುದು ಅವರ ಮಾತಿನ ಪಲ್ಲವಿ. ಹೆಂಡತಿ ನಾಗವ್ವ ಮದುವೆಯಾದ ಹೊಸದರಲ್ಲಿ ಅದನ್ನು ನಂಬಿದ್ದಳು. ಆಮೇಲೆ ರೂಢಿಯಾಯಿತು.

ಇಂಥ ಅಪ್ಪಾಸಾಹೇಬರು ಈಗ ಒಂದು ಇಕ್ಕಟ್ಟಿನಲ್ಲಿದ್ದರು. ಒಬ್ಬನೇ ಮಗ ಸ್ವಪ್ನಿಲ್, ಚಾಕಣದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ತಿಪಟೂರಿನ ರಕ್ಷಿತಳನ್ನು ಮೆಚ್ಚಿದ್ದ. ಹುಡುಗಿ ಪುಣೆಯಲ್ಲೇ ಕೆಲಸಕ್ಕಿದ್ದಳು, ಎಲ್ಲರಿಗೂ ಹಿಡಿಸಿದ್ದಳು. ಮಾತು ಪಕ್ಕಾ ಆಗಿತ್ತು, ಮುಹೂರ್ತವೂ ಸಿಕ್ಕಿತ್ತು. ಸಿಗದೇ ಇದ್ದದ್ದು ಊರು. ಹುಡುಗಿಯ ತಾಯಿ ಪಂಕಜಾಕ್ಷಿ, ಹೈಸ್ಕೂಲು ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು, ಮದುವೆ ಹೆಣ್ಣಿನ ಮನೆಯ ಊರಲ್ಲೇ ಆಗಬೇಕು, ಅದು ಪದ್ಧತಿ ಎಂದು ಪಟ್ಟು ಹಿಡಿದಿದ್ದರು. ಅಪ್ಪಾಸಾಹೇಬರು ಪುಣೆ ಎಂದರು. ಪುಣೆಯ ನೀರು ಛಲೋ ಎಂದರು, ಹವಾ ಛಲೋ ಎಂದರು, ತಿಪಟೂರಿನ ಸಾಂಬಾರಿನಲ್ಲಿ ಬೆಲ್ಲ ಹಾಕುತ್ತಾರೆ ಎಂದರು. ಆ ಕೊನೆಯ ಮಾತಿನಿಂದ ಪಂಕಜಾಕ್ಷಿಯವರ ಪಟ್ಟು ಇನ್ನೂ ಬಿಗಿಯಾಯಿತು.

ನಿಜವಾಗಿ ಅವರ ಮನಸ್ಸಿನಲ್ಲಿ ಇದ್ದದ್ದು ನೀರೂ ಅಲ್ಲ, ಹವೆಯೂ ಅಲ್ಲ. ಪುಣೆಗೆ ಬಂದ ಹೊಸದರಲ್ಲಿ ಯೆರವಡಾದ ಗಲ್ಲಿಯೊಂದರಲ್ಲಿ ಬಾಡಿಗೆಗಿದ್ದರು. ಆ ಗಲ್ಲಿಯ ಜನ ಈ ಮದುವೆಯಲ್ಲಿ ಎದುರಿಗೆ ಕೂತು ಉಣ್ಣಬೇಕೆಂಬುದು ಅವರ ಆಸೆ. ಅವರೆಲ್ಲ ಈಗ ಮುದುಕರಾಗಿದ್ದರು, ತಿಪಟೂರಿಗೆ ಹೋಗುವುದು ಅವರಿಂದ ಆಗದ ಮಾತು. ಇದನ್ನು ಬಾಯಿಬಿಟ್ಟು ಹೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಎಲ್ಲ ಗೊತ್ತಿರುವವರಿಗೆ ಬೇಡಿಕೊಳ್ಳುವುದು ಮಾತ್ರ ಗೊತ್ತಿರುವುದಿಲ್ಲ.

ಎರಡೂ ಕಡೆಯವರು ಒಂದು ದಿನ ನಗುನಗುತ್ತ ಕೂಡಲಿ, ಆಮೇಲೆ ಮಾತಾಡೋಣ ಎಂದು ಸ್ವಪ್ನಿಲ್ ಒಂದು ಉಪಾಯ ಹೂಡಿದ. ಪುಣೆಯಿಂದ ಭೋರ್ ದಾಟಿ, ಅಲ್ಲಿನ ಹಳೆಯ ಅರಮನೆ ರಾಜವಾಡೆಯ ಹೆಂಚುಗಳು ಕಾಣುವಷ್ಟು ಹತ್ತಿರದ ಒಂದು ಗುಡ್ಡದಲ್ಲಿ, 'ಸ್ನೋ ವಾಡಾ' ಎಂಬ ಹೊಸ ರೆಸಾರ್ಟ್ ಆಗಿತ್ತು. ತಿಪಟೂರಿನಿಂದ ಬಂದ ಪಂಕಜಾಕ್ಷಿಯವರನ್ನೂ ಸೇರಿಸಿ ಎಲ್ಲರನ್ನೂ ಅಲ್ಲಿಗೆ ಕರೆತಂದ. ಅಲ್ಲಿ ಕಾಲಿಗೆ ಉದ್ದುದ್ದ ಹಲಗೆ ಕಟ್ಟಿಕೊಂಡು ಗುಡ್ಡದಿಂದ ಜಾರುವ ಸ್ಕೀಯಿಂಗ್ ಆಟ. ಸಹ್ಯಾದ್ರಿಯಲ್ಲಿ ಹಿಮ ಎಲ್ಲಿಂದ ಬರಬೇಕು? ಇಳಿಜಾರಿನ ತುಂಬ ಬಿಳಿ ಪ್ಲಾಸ್ಟಿಕ್ಕಿನ ಮುಳ್ಳುಚಾಪೆ ಹಾಸಿ, ಅದರ ಮೇಲೆ ನೀರು ಚಿಮುಕಿಸಿದ್ದರು. ಪಾತ್ರೆ ತಿಕ್ಕುವ ಬ್ರಷ್ಷನ್ನು ಗುಡ್ಡದಗಲಕ್ಕೆ ಮಾಡಿಸಿದ ಹಾಗಿತ್ತು. ಅಪ್ಪಾಸಾಹೇಬರು ಅದರ ಒಂದು ಮುಳ್ಳನ್ನು ಎಳೆದು ನೋಡಿ, ಮಾಲು ಕಡಿಮೆ ದರ್ಜೆಯದು ಎಂದು ತೀರ್ಪು ಕೊಟ್ಟರು.

ಹಸಿರು ಬೋರ್ಡಿನ ಇಳಿಜಾರು ಹೊಸಬರಿಗೆ. ನೀಲಿ ಬೋರ್ಡಿನವು ಎರಡಿದ್ದವು, ಅವು ನಡುಮಟ್ಟದವರಿಗೆ. ನೀಲಿ ಒಂದು ಎಲ್ಲರ ಕಣ್ಣೆದುರಿಗೇ ಇಳಿಯುತ್ತಿತ್ತು. ನೀಲಿ ಎರಡು ನೀರಿನ ಟಾಕಿಯ ಹಿಂದೆ ಸುತ್ತಿ, ತಿರುವು ತೆಗೆದುಕೊಂಡು, ಕೊನೆಗೆ ಮಾತ್ರ ಮುಖ ತೋರಿಸುತ್ತಿತ್ತು. ಕರಿ ಬೋರ್ಡಿನದು ಇನ್ನೂ ತೆರೆದಿರಲಿಲ್ಲ. ತೆರೆದರೆ ಯಾರಾದರೂ ಹತ್ತಿಬಿಟ್ಟಾರೆಂಬ ಹೆದರಿಕೆ ಇದ್ದಿರಬೇಕು.

ಕೌಂಟರಿನಲ್ಲಿ ಕೂತಿದ್ದ ಹುಡುಗಿಯ ಅಂಗಿಯ ಮೇಲೆ ಮುಕ್ತಾ ಎಂದು ಹೆಸರಿತ್ತು. ಸ್ವಪ್ನಿಲ್, ರಕ್ಷಿತ ಇಬ್ಬರೂ ಕೈಗೆ ಹಸಿರು ಪಟ್ಟಿ ಕಟ್ಟಿಸಿಕೊಂಡರು. ನಾಗವ್ವ ತಾನು ಚಹಾ ಕುಡಿಯುತ್ತ ಕೂಡುವುದಾಗಿ ಹೇಳಿದಳು. ಮುಕ್ತಾ ಅಪ್ಪಾಸಾಹೇಬರ ಕಡೆ ತಿರುಗಿ, ಹೊಸಬರೋ ನಡುಮಟ್ಟದವರೋ ಎಂದು ಮರಾಠಿಯಲ್ಲಿ ಕೇಳಿದಳು.

"ಕಾಕಾ, ಬಿಗಿನರ್ ಕೀ ಇಂಟರ್ಮೀಡಿಯೇಟ್?"

ಅಪ್ಪಾಸಾಹೇಬರ ಕಾಲಕ್ಕೆ ಮಹಾರಾಷ್ಟ್ರದ ಶಾಲೆಯಲ್ಲಿ ಓದಿದವರಿಗೆ ಇಂಟರ್ಮೀಡಿಯೇಟ್ ಎಂದರೆ ಒಂದೇ ಅರ್ಥ. ಸರಕಾರ ನಡೆಸುವ ಚಿತ್ರಕಲೆಯ ಪರೀಕ್ಷೆಗಳು ಎರಡು, ಮೊದಲನೆಯದು ಎಲಿಮೆಂಟರಿ, ಎರಡನೆಯದು ಇಂಟರ್ಮೀಡಿಯೇಟ್. ಸೊಲ್ಲಾಪುರದ ಶಾಲೆಯಲ್ಲಿದ್ದಾಗ ಅಪ್ಪಾಸಾಹೇಬರು ಎರಡನ್ನೂ ಪಾಸು ಮಾಡಿದ್ದರು. ಗುಡ್ಡ ಇಳಿಯಲು ಅದೇಕೆ ಬೇಕು ಎಂಬ ಅನುಮಾನ ಒಂದು ಕ್ಷಣ ಸುಳಿದದ್ದು ಹೌದು. ಈಗಿನ ಕಾಲದಲ್ಲಿ ಎಲ್ಲದಕ್ಕೂ ಸರ್ಟಿಫಿಕೇಟು ಕೇಳುತ್ತಾರೆ ಎಂದುಕೊಂಡರು.

"ಇಂಟರ್ಮೀಡಿಯೇಟ್," ಅಂದರು. "ಬಿ ಗ್ರೇಡ್."

"ಕುಠಂ ಕೇಲಂ, ಕಾಕಾ?" ಎಲ್ಲಿ ಮಾಡಿದಿರಿ ಎಂದು ಕೇಳಿದಳು ಮುಕ್ತಾ.

"ಸೋಲಾಪುರಲಾ."

ಮುಕ್ತಾಳ ಪೆನ್ನು ನಿಂತಿತು. ಬೇಸಿಗೆಯಲ್ಲಿ ಕಾಗೆ ಕೂಡ ಹಾರಲು ಒಲ್ಲೆನ್ನುವ ಸೊಲ್ಲಾಪುರದಲ್ಲಿ ಸ್ಕೀಯಿಂಗ್ ಕಲಿತು, ಅದರಲ್ಲಿ ಗ್ರೇಡನ್ನೂ ಪಡೆದ ಈ ಗಾಂಧಿ ಟೋಪಿಯ ಕಾಕಾನನ್ನು ಅವಳು ಎದ್ದು ನಿಂತು ನೋಡಿದಳು. ಆಮೇಲೆ ಭಕ್ತಿಯಿಂದಲೇ ನೀಲಿ ಪಟ್ಟಿ ಕಟ್ಟಿದಳು.

"ಅಪ್ಪಾ, ಇಲ್ಲೆ ಇಂಟರ್ಮೀಡಿಯೇಟ್ ಅಂದ್ರ..." ಎಂದು ಸ್ವಪ್ನಿಲ್ ಬಾಯಿ ತೆರೆದ.

"ನನಗ ಗೊತ್ತದ," ಅಂದರು ಅಪ್ಪಾಸಾಹೇಬರು.

ಪಕ್ಕದಲ್ಲಿದ್ದ ಪಂಕಜಾಕ್ಷಿ ಚೂಡಿದಾರಿನ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡರು. "ನನಗೂ ಅದೇ ಕೊಡಮ್ಮ, ಇಂಟರ್ಮೀಡಿಯೇಟ್," ಅಂದರು.

"ಬ್ಯಾಡ್ರಿ ಬೀಗತಿಯವರ. ಹೆಣ್ಮಕ್ಕಳಿಗೆ ಹಸರದ್ದ ಬರೋಬ್ಬರಿ."

"ಯಾಕೆ ಬೀಗರೇ, ನಾನು ಬೀಳ್ತೀನಿ ಅಂತಲಾ?"

"ಬಿದ್ರ ಏನ್ ಮಾಡ್ತೀರಿ?"

"ನಾನು ಬಿದ್ದು ನೀವು ನಿಂತಿದ್ರೆ ನೀವು ಹೇಳಿದ ಊರು, ಪುಣೇಲೇ ಮದುವೆ. ನೀವು ಬಿದ್ದು ನಾನು ನಿಂತಿದ್ರೆ ನಾನು ಹೇಳಿದ ಊರು, ತಿಪಟೂರಲ್ಲಿ. ಒಪ್ಪಿಗೇನಾ?"

ಹೆಡ್‌ಮಿಸ್ಟ್ರೆಸ್ ದನಿಯಲ್ಲಿ ಕೇಳಿದ ಪ್ರಶ್ನೆಗೆ ಇಲ್ಲವೆನ್ನುವ ಗಂಡಸು ಇನ್ನೂ ಹುಟ್ಟಬೇಕಿತ್ತು. ಅಪ್ಪಾಸಾಹೇಬರು ಒಪ್ಪಿದರು. ನಾಗವ್ವ ಚಹಾದ ಕಪ್ಪನ್ನು ಕೆಳಗಿಟ್ಟು, "ಇವ್ರಿಗೆ ಅಂಗಡ್ಯಾಗಿನ ಏಣಿ ಹತ್ತಿದ್ರ ಇಳಿಯಾಕ ಬರೂದಿಲ್ಲವಾ," ಎಂದು ಸೊಸೆಯಾಗುವವಳಿಗೆ ಪಿಸುಗುಟ್ಟಿದಳು. ನಗಿಸಲು ಕರೆತಂದ ಸ್ವಪ್ನಿಲ್‌ಗೆ ಅಳು ಬರುವುದೊಂದು ಬಾಕಿ.

ಕಾಲಿಗೆ ಹಾಕಿದ ಬೂಟುಗಳು ಎರಡು ಬಿಂದಿಗೆಗಳಷ್ಟು ಭಾರವಿದ್ದವು. ಹಲಗೆಗಳನ್ನು ಬಿಚ್ಚುವುದು ಹೇಗೆಂದು ಮುಕ್ತಾ ತೋರಿಸಲು ಬಂದಾಗ ಅಪ್ಪಾಸಾಹೇಬರು ಮತ್ತೆ ಪಲ್ಲವಿ ಹಾಡಿದರು. ಅವಳು ಟೋಪಿಯ ಮೇಲೆಯೇ ಹೆಲ್ಮೆಟ್ ಕೂಡಿಸಿ ಕಳಿಸಿದಳು. ಇಬ್ಬರೂ ಮೇಲಕ್ಕೆ ಒಯ್ಯುವ ರಬ್ಬರ್ ಪಟ್ಟಿಯ ಮೇಲೆ ನಿಂತು, ಸಂತೆಗೆ ಹೊರಟ ದನಗಳ ಹಾಗೆ ಸುಮ್ಮನೆ, ಜನರ ಕಣ್ಣಿಗೆ ಬೀಳದ ನೀಲಿ ಎರಡರ ತುದಿಗೆ ಹೋಗಿ ಇಳಿದರು.

ಮೇಲೆ ಯಾರೂ ಇರಲಿಲ್ಲ. ಅಪ್ಪಾಸಾಹೇಬರು ಇಳಿಜಾರಿನ ಅಂಚಿಗೆ ಬಂದು ಒಮ್ಮೆ ಕೆಳಗೆ ನೋಡಿದರು. ಕೆಳಗಿನಿಂದ ನೋಡಿದಾಗ ಇದು ಹೀಗಿರಲಿಲ್ಲ. ಕೆಳಗಿನಿಂದ ನೋಡಿದಾಗ ಇದು ಒಂದು ಓರೆಯಾದ ಅಂಗಳ. ಇಲ್ಲಿಂದ ನೋಡಿದರೆ ಬಾವಿ.

"ನೋಟ ಚೆನ್ನಾಗಿದೆ," ಅಂದರು ಪಂಕಜಾಕ್ಷಿ.

"ಭಾಳ ಛಲೋ ಅದ."

ಇಬ್ಬರೂ ನೋಟವನ್ನು ನೋಡಿದರು. ರಾಜವಾಡೆಯನ್ನು ನೋಡಿದರು, ಹೊಳೆಯನ್ನು ನೋಡಿದರು, ಒಂದು ಎಮ್ಮೆಯನ್ನು ನೋಡಿದರು. ಎಮ್ಮೆ ಎದ್ದು ಹೋದ ಮೇಲೆ ನೋಡಲು ಏನೂ ಉಳಿಯಲಿಲ್ಲ.

"ನೀವು ಮೊದಲು ಇಳೀರಿ ಬೀಗರೇ. ಕಲಿತವರು."

"ಎಲ್ಲೀದರಿ. ಹೆಣ್ಣಿನ ಕಡಿಯವರಿಗೆ ಮೊದಲ ಮರ್ಯಾದಿ."

"ಗಂಡಿನ ಕಡೆಯವರಿಗಲ್ವಾ ಮೊದಲು?"

"ನಮ್ಮ ಕಡೆ ಹಂಗೇನಿಲ್ರಿ."

ಇಷ್ಟು ದಿನ ಒಂದು ಇಂಚು ಬಿಟ್ಟುಕೊಡದವರು ಈಗ ಇಡೀ ಗುಡ್ಡವನ್ನೇ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದರು. ಬೀಗತಿ ಆ ಕಡೆ ನೋಡುವುದನ್ನೇ ಕಾದು ಅಪ್ಪಾಸಾಹೇಬರು ಮೆಲ್ಲಗೆ ಹಿಂದೆ ಸರಿದು, ರಬ್ಬರ್ ಪಟ್ಟಿಯ ಮೇಲೆ ಕೆಳಮುಖವಾಗಿ ಕಾಲಿಟ್ಟರು. ಅದಕ್ಕೆ ಮೇಲಕ್ಕೆ ಬರುವುದೊಂದೇ ಗೊತ್ತು. ಯಂತ್ರ ಅವರನ್ನು ಬೆನ್ನು ಮುಂದಾಗಿಯೇ, ಬಹಳ ಮರ್ಯಾದೆಯಿಂದ, ತಂದು ಮತ್ತೆ ಬೀಗತಿಯ ಪಕ್ಕದಲ್ಲಿ ನಿಲ್ಲಿಸಿತು. ಹಲಗೆ ಬಿಚ್ಚಿ ನಡೆದೇ ಹೋಗೋಣವೆಂದರೆ ಬಗ್ಗಲು ಹೊಟ್ಟೆ ಅಡ್ಡ ಬಂತು, ಬಗ್ಗಿದರೂ ಬಿಚ್ಚುವ ಕೀಲಿ ಎಲ್ಲಿದೆಯೆಂದು ತಿಳಿಯಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಪಂಕಜಾಕ್ಷಿಯವರ ಸ್ಥಿತಿಯೂ ಅದೇ. ಅವರು ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಪರೀಕ್ಷೆಯ ಹಾಲಿಗೆ ಮಕ್ಕಳನ್ನು ಕಳಿಸುವಾಗ ಹೇಳುತ್ತಿದ್ದ ಮಾತನ್ನು ತಮಗೇ ಹೇಳಿಕೊಳ್ಳತೊಡಗಿದರು. "ಸರಳ ಇದೆ. ತುಂಬಾ ಸರಳ ಇದೆ. ಸರಳ, ಸರಳ."

ತಿಪಟೂರಿನಲ್ಲಿ ಸರಳ ಎಂದರೆ ಸುಲಭ. ಸೊಲ್ಲಾಪುರದ ಕನ್ನಡದಲ್ಲಿ, ಮರಾಠಿಯ ಹಾಗೆಯೇ, ಸರಳ ಎಂದರೆ ನೆಟ್ಟಗೆ. ದಾರಿ ಕೇಳಿದವರಿಗೆ ಸರಳ ಹೋಗ್ರಿ ಎಂದರೆ ಅತ್ತಿತ್ತ ತಿರುಗದೆ ಸೀದಾ ಹೋಗಿ ಎಂದು. ಅಪ್ಪಾಸಾಹೇಬರು ಅದುವರೆಗೆ ಹಲಗೆಗಳನ್ನು ಇಳಿಜಾರಿಗೆ ಅಡ್ಡವಾಗಿ ಇಟ್ಟುಕೊಂಡು ಬದುಕಿದ್ದರು. ಬೀಗತಿ ಇಷ್ಟು ಸಲ ಹೇಳುತ್ತಿದ್ದಾರೆಂದರೆ ಅದೇ ಇದರ ಗುಟ್ಟಿರಬೇಕೆಂದು, ಎರಡೂ ಹಲಗೆಗಳ ಮೂತಿಯನ್ನು ಸರಳ ಮಾಡಿದರು. ಹಲಗೆಗಳಿಗೆ ಬೇಕಾಗಿದ್ದುದು ಅಷ್ಟೇ.

ಆಮೇಲೆ ಆದದ್ದನ್ನು ಅಪ್ಪಾಸಾಹೇಬರು ಪೂರ್ತಿ ನೋಡಲಿಲ್ಲ, ಏಕೆಂದರೆ ಕಣ್ಣು ಮುಚ್ಚಿದ್ದರು. ಸೊಲ್ಲಾಪುರದ ಸಿದ್ಧರಾಮನಿಂದ ಹಿಡಿದು ಶ್ರೀಶೈಲದ ಮಲ್ಲಯ್ಯನವರೆಗೆ ನೆನಪಿದ್ದ ದೇವರನ್ನೆಲ್ಲ ಕೂಗಿದರು. ನೀರಿನ ಟಾಕಿ ಪಕ್ಕದಲ್ಲಿ ಹಾದುಹೋಯಿತು. ತಿರುವು ಬಂತು. ದಾರಿ ತಿರುಗಿತು, ಅಪ್ಪಾಸಾಹೇಬರು ತಿರುಗಲಿಲ್ಲ. ಪುಣ್ಯಕ್ಕೆ ಆ ತಿರುವಿನಲ್ಲಿ ಕಬ್ಬಿನ ಒಣಗರಿ, ಅಂದರೆ ರವದಿ, ತುಂಬಿದ ಗೋಣಿಚೀಲಗಳನ್ನು ಒಟ್ಟಿದ್ದರು. ಚೀಲ ಹರಿದು ಆ ರಾಶಿಯೊಳಗೆ ಅವರು ತಲೆ ಮೊದಲಾಗಿ ಸೊಂಟದವರೆಗೆ ಹೋಗಿ ನಿಂತರು. ಹೊರಗೆ ಎರಡು ಕಾಲು, ಎರಡು ಹಲಗೆಗಳು ಮಾತ್ರ ಆಕಾಶ ತೋರಿಸುತ್ತಿದ್ದವು.

ಬಹಳ ಹೊತ್ತಿನ ಮೇಲೆ ಸರ್ರ್ ಸರ್ರ್ ಎಂದು ಏನೋ ಸದ್ದಾಯಿತು. ಪಂಕಜಾಕ್ಷಿ ಮುಳ್ಳುಚಾಪೆಯ ಮೇಲೆ ಕೂತು, ಎರಡೂ ಕೈ ಊರಿಕೊಂಡು, ತೆವಳುತ್ತ ಇಳಿದು ಬರುತ್ತಿದ್ದರು.

"ಬೀಗರೇ, ಬದುಕಿದ್ದೀರಾ?"

"ಸರಳ ಅಂದ್ರಲ್ರಿ ನೀವು," ಎಂದಿತು ರವದಿ.

"ಸರಳವಾಗಿದೆ ಅಂದೆ."

"ಮತ್ತ ಸರಳನ ಬಂದೆನಲ್ರಿ."

ಅವರನ್ನು ಹೊರಗೆಳೆಯುವಷ್ಟರಲ್ಲಿ ಇಬ್ಬರಿಗೂ ಎಲ್ಲಿ ಎಡವಟ್ಟಾಯಿತೆಂದು ಹೊಳೆಯಿತು. ಪಂಕಜಾಕ್ಷಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ, ಅಪ್ಪಾಸಾಹೇಬರ ಮೀಸೆಯಲ್ಲಿ ಸಿಕ್ಕಿದ್ದ ರವದಿಯ ಗರಿಯನ್ನು ತೋರಿಸಿದರು. "ಅಲ್ಲ, ನೀವು ಇದನ್ನ ಕಲಿತವರಲ್ವಾ? ಸೊಲ್ಲಾಪುರದಲ್ಲಿ?"

ಬೇರೆ ದಿನವಾಗಿದ್ದರೆ, ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಆಸಾಮಿ ಅವರು. ಗಾಳಿ ಎದುರು ಬಂತು ಎನ್ನುತ್ತಿದ್ದರು, ಹಲಗೆ ಸೊಟ್ಟಗಿತ್ತು ಎನ್ನುತ್ತಿದ್ದರು. ಆದರೆ ತಲೆಕೆಳಗಾಗಿ ನಿಂತಾಗ ಆ ಮಾತುಗಳೆಲ್ಲ ಎಲ್ಲೋ ಉದುರಿಹೋಗಿದ್ದವು.

"ಅದು ಡ್ರಾಯಿಂಗ್ ಪರೀಕ್ಷಾರಿ," ಅಂದರು.

"ಏನು?"

"ಇಂಟರ್ಮೀಡಿಯೇಟ್ ಡ್ರಾಯಿಂಗ್. ಹೂದಾನಿ ತಗದಿದ್ದೆ."

"ಅದಕ್ಕೆ ಬಿ ಗ್ರೇಡಾ?"

"ಹೂದಾನಿ ಸೊಟ್ಟ ಬಂದಿತ್ರಿ."

ಪಂಕಜಾಕ್ಷಿ ನಕ್ಕ ರಭಸಕ್ಕೆ ಹೆಲ್ಮೆಟ್ ಕಣ್ಣಿನ ಮೇಲೆ ಜಾರಿತು. ಅವರು ಅದನ್ನು ಸರಿಮಾಡಿಕೊಳ್ಳಲೂ ಇಲ್ಲ. "ನನಗೇನು ಬರುತ್ತೆ ಅಂದ್ಕೊಂಡ್ರಾ? ಹೆಡ್‌ಮಿಸ್ಟ್ರೆಸ್ ಆಗಿದ್ದವಳು, ನಿಮಗಿಂತ ಕೆಳಗಿನ ಕ್ಲಾಸಿಗೆ ಹೇಗೆ ಹೋಗಲಿ?"

"ನನಗ ಬರೂದಿಲ್ರಿ ಬೀಗತಿಯವರ," ಅಂದರು ಅಪ್ಪಾಸಾಹೇಬರು. "ಇಳಿಯಾಕ ಬರೂದಿಲ್ಲ."

ಬರುವುದಿಲ್ಲ ಎಂಬ ಮಾತು ಅವರ ಬಾಯಿಂದ ಹೊರಬಿದ್ದದ್ದು ಅವರಿಗೇ ಆಶ್ಚರ್ಯ. ಆಕಾಶ ಕಳಚಿ ಬೀಳಲಿಲ್ಲ. ಒಂದು ನಿಜ ಹೊರಬಂದರೆ ಬಾಗಿಲು ತೆರೆದೇ ಇರುತ್ತದೆ, ಹಿಂದಿನಿಂದ ಇನ್ನೊಂದು ಬಂದುಬಿಡುತ್ತದೆ. ಗೋಣಿಚೀಲಕ್ಕೆ ಒರಗಿ ಕೂತು ಅಪ್ಪಾಸಾಹೇಬರು ಹೇಳಿದರು.

"ಸ್ವಪ್ನಿಲ್ ಹುಟ್ಟಿದಾಗ ಪುಣ್ಯಾದಾಗ ನಮ್ಮವರು ಅಂತ ಒಂದ್ ನರಪಿಳ್ಳೆ ಇದ್ದಿಲ್ರಿ. ಹೆಸರಿಡೂದು ಹೆಂಗ ಮಾಡೂದು? ಸೋದರತ್ತಿ ಬೇಕು, ನನಗ ಅಕ್ಕತಂಗೇರಿಲ್ಲ. ನಾಗವ್ವ ಅಳಕೋತ ಕುಂತಿದ್ಲು. ಬಾಜು ಮನಿ ಅನುಸೂಯಾಬಾಯಿ ಬಂದ್ಲು, ಮರಾಠಿ ಮಂದಿ. ಕೂಸಿನ ಸೋದರತ್ತಿ ನಾ ಇದ್ದೀನಿ ಅಂದ್ಲು. ಗಲ್ಲಿ ಮಂದೀನೆಲ್ಲ ಕರಕೊಂಡ ಬಂದು ತೊಟ್ಟಲದಾಗ ಹಾಕಿ ಕಿವ್ಯಾಗ ಹೆಸರ ಹೇಳಿದ್ಲು. ಈಗ ಆಕಿಗೆ ಜಿನ್ನೀ ಮೆಟ್ಟಲ ಇಳಿಯೂದು ಆಗೂದಿಲ್ಲ, ತಿಪಟೂರಿಗೆ ಎಲ್ಲಿ ಬರ್ತಾಳ? ತೊಟ್ಟಲದಾಗ ಹಾಕಿದವರು ಅಕ್ಕಿಕಾಳು ಹಾಕಬ್ಯಾಡೇನ್ರಿ?"

ಅಷ್ಟು ಹೇಳಿ ಮೂಗು ಒರೆಸಿಕೊಂಡರು.

"ಇದನ್ನ ಹೇಳೋದು ಬಿಟ್ಟು ಸಾಂಬಾರಿನ ಸುದ್ದಿ ಯಾಕ್ರೀ ತೆಗೆದ್ರಿ?" ಅಂದರು ಪಂಕಜಾಕ್ಷಿ. ಆಮೇಲೆ ತಗ್ಗಿದ ದನಿಯಲ್ಲಿ, "ನಂದೂ ಒಂದಿದೆ. ನಮ್ಮೋರು ಹೋದಾಗ ರಕ್ಷಿತ ಇನ್ನೂ ಸ್ಕೂಲಲ್ಲಿದ್ಲು. ಒಂಟಿ ಹೆಂಗಸು ಮಗಳ ಮದುವೆ ಅದು ಹೇಗೆ ಮಾಡ್ತಾಳೋ ನೋಡೋಣ ಅಂತ ನಮ್ಮ ನೆಂಟರೆಲ್ಲ ಕಾಯ್ತಾ ಕೂತಿದ್ದಾರೆ. ಅವರ ಎದುರಿಗೇ ಮಾಡಿ ತೋರಿಸ್ಬೇಕು ಅಂತ ನನಗೆ," ಅಂದರು.

ಅಪ್ಪಾಸಾಹೇಬರಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ತಾನು ಇಷ್ಟು ದಿನ ಈ ಹೆಣ್ಣುಮಗಳ ಕೂಡ ಜಿದ್ದಿಗೆ ಬಿದ್ದಿದ್ದೆನಲ್ಲ ಎಂದು ನಾಚಿಕೆಯಾಯಿತು. ಅನುಸೂಯಾಬಾಯಿಯ ಮುಖ ಕಣ್ಣ ಮುಂದೆ ಬಂತು. ಅದನ್ನು ಬದಿಗೆ ಸರಿಸಿ, ಗಟ್ಟಿ ಮನಸ್ಸು ಮಾಡಿದರು.

"ನೀವ ಗೆದ್ರಿ. ತಿಪಟೂರದಾಗ ಆಗ್ಲಿ. ನಿಮ್ಮ ಮಂದಿ ಮುಂದ ನಿಮ್ಮ ಮಾರಿ ಸಣ್ಣದಾಗಬಾರದು."

ಪಂಕಜಾಕ್ಷಿ ಜಾರಿದ್ದ ಹೆಲ್ಮೆಟ್ಟನ್ನು ಈಗ ಸರಿಮಾಡಿಕೊಂಡರು. ಇಬ್ಬರೂ ಎದ್ದು ನಿಲ್ಲುವ ಪ್ರಯತ್ನವನ್ನೇ ಬಿಟ್ಟು, ಕೂತಲ್ಲಿಂದಲೇ, ಒಬ್ಬರ ಹಿಂದೊಬ್ಬರು ಜಾರುತ್ತ ಇಳಿದರು. ಅಪ್ಪಾಸಾಹೇಬರ ಪಾಯಿಜಾಮದ ಹಿಂಭಾಗ ದಾರಿಯಲ್ಲಿಯೇ ಅವರನ್ನು ಬಿಟ್ಟು ಹೋಯಿತು. ಕೊನೆಯ ತಿರುವಿನ ಹಿಂದೆ, ಕೆಳಗಿನವರಿಗೆ ಇನ್ನೂ ಕಾಣದ ಕಡೆ, ಅವರು ಬೀಗತಿಗೆ ಹೆಗಲು ಕೊಟ್ಟು ಎಬ್ಬಿಸಿ ನಿಲ್ಲಿಸಿದರು. ಅಲ್ಲಿಂದ ಮುಂದೆ ನೆಲ ಹೆಚ್ಚುಕಡಿಮೆ ಸಪಾಟಾಗಿತ್ತು. ಪಂಕಜಾಕ್ಷಿ ನೆಟ್ಟಗೆ ನಿಂತು, ಶಾಲೆಯ ಪ್ರಾರ್ಥನೆಗೆ ಬರುವ ಗಾಂಭೀರ್ಯದಲ್ಲಿ, ಕೆಳಗೆ ಹೋಗಿ ತಲುಪಿದರು. ಹಿಂದೆ ಅಪ್ಪಾಸಾಹೇಬರು ತೆವಳುತ್ತ ಬಂದರು.

ಸ್ವಪ್ನಿಲ್ ಓಡಿಬಂದ. "ಅಪ್ಪಾ, ಏನಾತು? ಯಾರು ಗೆದ್ರು?"

"ಬೀಗತಿಯವರು ಗೆದ್ರು," ಅಂದರು ಅಪ್ಪಾಸಾಹೇಬರು, ಎಲ್ಲರಿಗೂ ಕೇಳುವ ಹಾಗೆ. "ನಾ ಬಿದ್ದೆ. ನನಗ ಬರೂದಿಲ್ಲ."

ನಾಗವ್ವ ಎದ್ದು ಬಂದು ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಹೆಲ್ಮೆಟ್ ತೆಗೆಸಿ ತಲೆಯನ್ನು ಸುತ್ತಲೂ ತಡವಿದಳು. ಅಲ್ಲೂ ಏನೂ ಆಗಿರಲಿಲ್ಲ. ಅವಳಿಗೆ ಇನ್ನೂ ಭಯವಾಯಿತು.

"ಗೆದ್ದವರು ಹೇಳಿದ ಊರಲ್ಲಿ ಮದುವೆ ಅಂತ ತಾನೇ ಮಾತು?" ಅಂದರು ಪಂಕಜಾಕ್ಷಿ. "ಸರಿ. ಮದುವೆ ಪುಣೇಲಿ."

ರಕ್ಷಿತ ತಾಯಿಯ ಮುಖ ನೋಡಿದಳು. "ಅಮ್ಮ, ಗೆದ್ದಿದ್ದು ನೀನಲ್ವಾ?"

"ಅದಕ್ಕೇ ನಾನು ಹೇಳ್ತಿರೋದು. ನೆಂಟರಿಗೆಲ್ಲ ಬಸ್ ಮಾಡ್ತೀನಿ. ಗಂಡಿನ ಊರಿಗೇ ಹೋಗಿ ಒಬ್ಬಳೇ ನಿಂತು ಮದುವೆ ಮಾಡಿದ್ಲು ಅಂತ ಕಣ್ಣಾರೆ ನೋಡಲಿ. ಲಗ್ನಪತ್ರಿಕೇಲಿ ಕರೆಯೋರ ಹೆಸರು ನಂದು, ಅಡುಗೆಯವರು ನಮ್ಮೂರಿನೋರು. ಸಾಂಬಾರಿಗೆ ಬೆಲ್ಲ ಹಾಕಿಸೇ ಹಾಕಿಸ್ತೀನಿ. ಬೀಗರೇ, ಒಪ್ಪಿಗೇನಾ?"

ಅಪ್ಪಾಸಾಹೇಬರು ಹೂಂ ಎಂದು ತಲೆಯಾಡಿಸಿದರು. ನಾಗವ್ವ ತನ್ನ ಶಾಲನ್ನು ತೆಗೆದು ಗಂಡನ ಹರಿದ ಪಾಯಿಜಾಮದ ಸುತ್ತ ಕಟ್ಟಿದಳು. ಅವರು ಅದೇ ವೇಷದಲ್ಲಿ, ಪಾರ್ಕಿಂಗಿನ ಮೂಲೆಗೆ ಹೋಗಿ, ಯೆರವಡಾಕ್ಕೆ ಫೋನ್ ಹಚ್ಚಿದರು. ಅನುಸೂಯಾಬಾಯಿಗೆ ಈಗ ಕಿವಿ ಮಂದ. ಲಗ್ನ ಪುಣ್ಯಾತಚ್, ಪುಣೆಯಲ್ಲೇ, ಎಂದು ಅಪ್ಪಾಸಾಹೇಬರು ಮೂರು ಸಲ ಕಿರುಚಬೇಕಾಯಿತು. ಗುಡ್ಡದ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಮೂರನೆಯ ಸಲಕ್ಕೆ ಮುದುಕಿಗೆ ಕೇಳಿಸಿತು, ಕೇಳಿಸಿದ್ದೇ ತಡ ಬೈಯತೊಡಗಿದಳು. ಇಷ್ಟು ಹೇಳಲು ಇಷ್ಟು ದೊಡ್ಡದಾಗಿ ಯಾಕೆ ಒದರುತ್ತೀ, ಹುಡುಗನ ಸೋದರತ್ತೆ ಇಲ್ಲಿರುವಾಗ ಲಗ್ನ ಇನ್ನೆಲ್ಲಿ ಆಗುವುದಿತ್ತು, ಎಂದಳು.